ವೆಸ್ಲಿ ವಿಲಿಯಮ್ಸ್ ಮತ್ತು ನ್ಯೂಯಾರ್ಕಿನ ಕಪ್ಪು ಅಗ್ನಿಶಾಮಕರು

ವೆಸ್ಲಿ ಆಗಸ್ಟಸ್ ವಿಲಿಯಮ್ಸ್ (1897–1984): ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆಯಲ್ಲಿ ಅಧಿಕಾರಿಯಾದ ಮೊದಲ ಕಪ್ಪು ವರ್ಣೀಯರು. 1919ರ ಜನವರಿ 10ರಂದು ಸಾಮಾನ್ಯ ಫೈರ್‌ಮ್ಯಾನ್ ಆಗಿ ಸೇರಿ 1927ರಲ್ಲಿ ಲೆಫ್ಟಿನೆಂಟ್, 1934ರಲ್ಲಿ ಕ್ಯಾಪ್ಟನ್, 1938ರಲ್ಲಿ ಬೆಟಾಲಿಯನ್ ಚೀಫ್ ಆದರು. 1940ರಲ್ಲಿ ನಗರದ ಕಪ್ಪು ಅಗ್ನಿಶಾಮಕರನ್ನು ಒಂದುಗೂಡಿಸಿ ವಲ್ಕನ್ ಸೊಸೈಟಿ ಎಂಬ ಸಂಘವನ್ನು ಕಟ್ಟಿದರು. 1952ರಲ್ಲಿ ನಿವೃತ್ತರಾದರು.

ವಿಲಿಯಮ್ಸ್ ಅವರನ್ನು ನ್ಯೂಯಾರ್ಕಿನ ಮೊದಲ ಕಪ್ಪು ಫೈರ್‌ಮ್ಯಾನ್ ಎಂದು ಕರೆಯುವ ರೂಢಿ ಇದೆ. ಅದು ಸರಿಯಲ್ಲ. ಅವರಿಗಿಂತ ಮುಂಚೆ ಇಬ್ಬರು ನೇಮಕಗೊಂಡಿದ್ದರು. 1898ರಲ್ಲಿ ಬ್ರೂಕ್ಲಿನ್‌ನಲ್ಲಿ ಕೆಲಸಕ್ಕೆ ಸೇರಿದ ವಿಲಿಯಂ ನಿಕೋಲ್ಸನ್ ಅವರನ್ನು ಬೆಂಕಿಯ ಹತ್ತಿರಕ್ಕೂ ಬಿಡದೆ ಇಲಾಖೆಯ ಕುದುರೆಗಳನ್ನು ನೋಡಿಕೊಳ್ಳಲು ಹಾಕಲಾಯಿತು. 1914ರಲ್ಲಿ ಸೇರಿದ ಜಾನ್ ವುಡ್ಸನ್ ಕೂಡ ಬ್ರೂಕ್ಲಿನ್‌ನವರೇ. ಇನ್ನೂ ಹಿಂದಕ್ಕೆ ಹೋದರೆ, ಸಂಬಳದ ಇಲಾಖೆಯೇ ಇಲ್ಲದ ಸ್ವಯಂಸೇವಕರ ಕಾಲದಲ್ಲಿ, ಮಾಲಿ ವಿಲಿಯಮ್ಸ್ ಎಂಬ ಹೆಂಗಸಿನ ಹೆಸರು ಬರುತ್ತದೆ. ಈಕೆ ವ್ಯಾಪಾರಿ ಬೆಂಜಮಿನ್ ಐಮಾರ್ ಮನೆಯ ಗುಲಾಮಳು. ಐಮಾರ್ ಓಷಿಯಾನಸ್ ಎಂಬ 11ನೇ ಎಂಜಿನ್ ಕಂಪನಿಯ ಸ್ವಯಂಸೇವಕ. 1818ರ ಸುಮಾರಿಗೆ ದೊಡ್ಡ ಹಿಮಪಾತದ ದಿನ, ಗಂಡಸರು ಜ್ವರದಿಂದ ಮಲಗಿದ್ದಾಗ, ಆಕೆ ಹಿಮದಲ್ಲಿ ಪಂಪಿನ ಗಾಡಿಯ ಹಗ್ಗ ಹಿಡಿದು ಎಳೆದಳೆಂಬ ಕಥೆ ಅಗ್ನಿಶಾಮಕರ ಹಳೆಯ ಚರಿತ್ರೆಗಳಲ್ಲಿದೆ. ಅವಳ ಹೂವಿನ ಬಟ್ಟೆ, ಚೌಕಳಿ ಏಪ್ರನ್ನಿನ ವರ್ಣನೆಯೂ ಇದೆ. ಅವಳ ಮಾತೆಂದು ಸಿಗುವುದು ಮಾತ್ರ ಈ ಚರಿತ್ರೆಗಳಲ್ಲಿ ಬೇರೆಯವರು ಬರೆದಿಟ್ಟದ್ದೇ. ವೆಸ್ಲಿ ವಿಲಿಯಮ್ಸ್‌ಗೂ ಈಕೆಗೂ ಹೆಸರಿನ ಸಾಮ್ಯ ಬಿಟ್ಟರೆ ಬೇರೆ ನಂಟಿಲ್ಲ.

ಮನೆತನ

ವಿಲಿಯಮ್ಸ್ ಹುಟ್ಟಿದ್ದು 1897ರ ಆಗಸ್ಟ್ 26ರಂದು, ನ್ಯೂಯಾರ್ಕಿನಲ್ಲಿ. ಅಜ್ಜ ಗುಲಾಮಗಿರಿಯಲ್ಲಿ ಹುಟ್ಟಿದವರು. ತಂದೆ ಜೇಮ್ಸ್ ಎಚ್. ವಿಲಿಯಮ್ಸ್ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಕೂಲಿಗಳ ಮುಖ್ಯಸ್ಥರು. ಕೆಂಪು ಟೋಪಿ ಧರಿಸುತ್ತಿದ್ದ ಈ ಕೂಲಿಗಳಿಗೆ ರೆಡ್ ಕ್ಯಾಪ್ ಎಂದೇ ಹೆಸರು. 1909ರಲ್ಲಿ ಆ ಹುದ್ದೆಗೆ ಬಂದ ಜೇಮ್ಸ್, 1948ರಲ್ಲಿ ತೀರಿಕೊಳ್ಳುವವರೆಗೂ ನೂರಾರು ಕಪ್ಪು ಕೆಲಸಗಾರರ ಯಜಮಾನನಂತಿದ್ದರು. ಕಾಲೇಜು ಓದುತ್ತಿದ್ದ ಎಷ್ಟೋ ಕಪ್ಪು ಯುವಕರು ರಜೆಯಲ್ಲಿ ಅಲ್ಲಿ ಸಾಮಾನು ಹೊತ್ತು, ಪ್ರಯಾಣಿಕರು ಕೊಟ್ಟ ಟಿಪ್ಸಿನಲ್ಲಿ ಫೀಸು ಕಟ್ಟುತ್ತಿದ್ದರು. ಗ್ರ್ಯಾಂಡ್ ಸೆಂಟ್ರಲ್ ಮೂಲಕ ಹಾದುಹೋಗದ ಶ್ರೀಮಂತನಾಗಲಿ ರಾಜಕಾರಣಿಯಾಗಲಿ ಆಗ ನಗರದಲ್ಲಿ ಇರಲಿಲ್ಲ. ಅವರಲ್ಲಿ ಅನೇಕರಿಗೆ ಜೇಮ್ಸ್ ಮುಖಪರಿಚಯದವರು. ಮಗನ ನೇಮಕದ ಸಮಯದಲ್ಲಿ ಈ ಪರಿಚಯದ ಬೆಲೆ ತಿಳಿಯಿತು.

ಅದೇ ರೆಡ್ ಕ್ಯಾಪ್ ಗುಂಪಿನಿಂದ ಬಂದ ಇನ್ನೊಬ್ಬರು ಸ್ಯಾಮ್ಯುಯೆಲ್ ಬ್ಯಾಟಲ್. ಅವರು 1911ರಲ್ಲಿ ನಗರದ ಪೊಲೀಸ್ ಇಲಾಖೆಗೆ ಸೇರಿದರು. ಪೊಲೀಸ್ ಠಾಣೆಯಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ. ಮಲಗಲು ಜಾಗವಿಲ್ಲದೆ ಬಾವುಟಗಳನ್ನು ಇಡುತ್ತಿದ್ದ ಅಟ್ಟದಲ್ಲಿ ಮಲಗುತ್ತಿದ್ದರು. ಬ್ಯಾಟಲ್ ವಿಲಿಯಮ್ಸ್ ಮನೆಗೆ ಆಪ್ತರು. ಸಮವಸ್ತ್ರದ ಕೆಲಸದಲ್ಲಿ ಕಪ್ಪು ಮನುಷ್ಯನಿಗೆ ಏನು ಕಾದಿರುತ್ತದೆ ಎಂಬುದನ್ನು ವೆಸ್ಲಿ ಅವರಿಂದ ಮೊದಲೇ ಕೇಳಿ ತಿಳಿದಿದ್ದರು. (ಬ್ಯಾಟಲ್ ಅವರ ಜೀವನಚರಿತ್ರೆಯನ್ನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದುಕೊಟ್ಟರು, ಆದರೆ ಅದಕ್ಕೆ ಪ್ರಕಾಶಕರು ಸಿಗಲಿಲ್ಲ.)

ವೆಸ್ಲಿ ಹದಿಹರೆಯದಲ್ಲೇ ಮದುವೆಯಾದರು. ಅಂಚೆ ಇಲಾಖೆಯ ಪಾರ್ಸೆಲ್ ಲಾರಿ ಓಡಿಸುತ್ತಿದ್ದರು. ಭಾರ ಎತ್ತುವುದು, ಬಾಕ್ಸಿಂಗ್ ಎರಡರಲ್ಲೂ ಪಳಗಿದ ಗಟ್ಟಿ ಆಳು.

ಪರೀಕ್ಷೆ ಮತ್ತು ನೇಮಕ

ನ್ಯೂಯಾರ್ಕ್ ರಾಜ್ಯ 1883ರಲ್ಲೇ ಸರ್ಕಾರಿ ನೇಮಕಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯ ಕಾನೂನು ತಂದಿತ್ತು. ಟ್ಯಾಮನಿ ಹಾಲ್ ಎಂಬ ಪಕ್ಷದ ಕೂಟ ತನ್ನವರಿಗೆ ಕೆಲಸ ಹಂಚುತ್ತಿದ್ದ ಪದ್ಧತಿಗೆ ಕಡಿವಾಣ ಹಾಕುವುದು ಅದರ ಉದ್ದೇಶ. ಆದರೂ ಅಗ್ನಿಶಾಮಕ ಇಲಾಖೆ ಐರಿಷ್ ಮೂಲದವರ ಹಿಡಿತದಲ್ಲೇ ಉಳಿಯಿತು. ಅಪ್ಪ, ಚಿಕ್ಕಪ್ಪ, ಅಣ್ಣತಮ್ಮಂದಿರು ಒಂದೇ ಇಲಾಖೆಯಲ್ಲಿ ಇರುವುದು ಸಾಮಾನ್ಯವಾಗಿತ್ತು. ಪರೀಕ್ಷೆ ಯಾವಾಗ, ಅದಕ್ಕೆ ಹೇಗೆ ತಯಾರಾಗಬೇಕು ಎಂಬುದು ಅಂಥ ಮನೆಗಳಲ್ಲಿ ಊಟದ ಹೊತ್ತಿನ ಮಾತು. ಹೊರಗಿನವರಿಗೆ ಅದು ಪತ್ರಿಕೆಯ ಮೂಲೆಯ ಪ್ರಕಟಣೆ.

ದೈಹಿಕ ಪರೀಕ್ಷೆಯಲ್ಲಿ ವಿಲಿಯಮ್ಸ್ ಪೂರ್ಣ ಅಂಕ ಪಡೆದರು. ಲಿಖಿತ ಪರೀಕ್ಷೆಯಲ್ಲೂ ಹಿಂದೆ ಬೀಳಲಿಲ್ಲ, ಪಟ್ಟಿಯ ಮೇಲ್ಭಾಗದಲ್ಲೇ ಅವರ ಹೆಸರಿತ್ತು. ಅಷ್ಟಾದರೆ ಸಾಲದು. ನೇಮಕ ಮಾಡುವ ಅಧಿಕಾರಿ ಪಟ್ಟಿಯ ಮುಂದಿನ ಮೂವರಲ್ಲಿ ತನಗೆ ಬೇಕಾದ ಒಬ್ಬರನ್ನು ಆರಿಸಿಕೊಳ್ಳಬಹುದೆಂಬ ನಿಯಮವಿತ್ತು. ಕಪ್ಪು ಅಭ್ಯರ್ಥಿಯ ಹೆಸರು ಬಂದಾಗಲೆಲ್ಲ ಪಕ್ಕದವರನ್ನು ಕರೆದು ಅವನನ್ನು ದಾಟಿ ಹೋಗಲು ಈ ನಿಯಮ ಅನುಕೂಲ. ಕಾರಣ ಹೇಳಬೇಕಾದ ಗೋಜೂ ಇಲ್ಲ. ಜೇಮ್ಸ್ ವಿಲಿಯಮ್ಸ್ ತಮ್ಮ ನಿಲ್ದಾಣದ ಪರಿಚಯಗಳನ್ನೆಲ್ಲ ಬಳಸಿದ್ದು ಇಲ್ಲಿ. ದೊಡ್ಡವರ ಶಿಫಾರಸು ಪತ್ರಗಳು ಬಂದವು. ಇದನ್ನು ವಶೀಲಿ ಎನ್ನುವುದಾದರೆ ಎನ್ನಬಹುದು. ಆದರೆ ಇತರರು ಹುದ್ದೆ ಗಿಟ್ಟಿಸಲು ವಶೀಲಿ ಹಚ್ಚುತ್ತಿದ್ದರು, ಈ ತಂದೆ ಮಗ ಗೆದ್ದುಕೊಂಡ ಹುದ್ದೆ ಕೈತಪ್ಪದಿರಲೆಂದು ಹಚ್ಚಬೇಕಾಯಿತು.

ನೇಮಕವಾದ ಮುಂದಿನ ತಿಂಗಳು, 1919ರ ಫೆಬ್ರವರಿ 17ರಂದು, ಮೊದಲ ಮಹಾಯುದ್ಧದಿಂದ ಮರಳಿದ 369ನೇ ಪದಾತಿ ದಳದ ಕಪ್ಪು ಸೈನಿಕರು ಫಿಫ್ತ್ ಅವೆನ್ಯೂ ಉದ್ದಕ್ಕೂ ಹಾರ್ಲೆಂವರೆಗೆ ಮೆರವಣಿಗೆ ನಡೆದರು. ಆ ಬೇಸಿಗೆಯಲ್ಲಿ ದೇಶದ ಹತ್ತಾರು ಊರುಗಳಲ್ಲಿ ಕಪ್ಪು ಜನರ ಮೇಲೆ ದಂಗೆಗಳಾದವು.

ಬ್ರೂಮ್ ಬೀದಿಯ ಠಾಣೆ

ವಿಲಿಯಮ್ಸ್‌ಗೆ ಸಿಕ್ಕಿದ್ದು ಮ್ಯಾನ್‌ಹ್ಯಾಟನ್ನಿನ ಲಿಟಲ್ ಇಟಲಿ ಪ್ರದೇಶದ 55ನೇ ಎಂಜಿನ್ ಕಂಪನಿ. ಠಾಣೆ ಬ್ರೂಮ್ ಬೀದಿಯಲ್ಲಿ. ಸುತ್ತ ಒತ್ತೊತ್ತಾದ ಬಾಡಿಗೆ ವಠಾರಗಳು. ಪಶ್ಚಿಮಕ್ಕೆ ಎರಕದ ಕಬ್ಬಿಣದ ಮುಖವಾಡ ಹೊತ್ತ ಹಳೆಯ ಗೋದಾಮುಗಳು, ಬಟ್ಟೆ, ಕಾಗದ, ಚಿಂದಿ ತುಂಬಿದ ಕಾರ್ಖಾನೆಗಳು. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲೇ 1911ರಲ್ಲಿ ಟ್ರಯಾಂಗಲ್ ಉಡುಪು ಕಾರ್ಖಾನೆ ಸುಟ್ಟು 146 ಮಂದಿ ಸತ್ತಿದ್ದರು. ನೆಲಮಾಳಿಗೆಯ ಬೆಂಕಿ ಆ ಪ್ರದೇಶದ ಶಾಪ. ಕೆಳಗಿಳಿಯಲು ಒಂದೇ ಕಿರುದಾರಿ, ಹೊಗೆ ಹೊರಹೋಗಲು ಕಿಟಕಿಯಿಲ್ಲ, ಮೇಲೆ ಸರಕಿನ ಭಾರಕ್ಕೆ ಬಾಗಿದ ಮಹಡಿ. ಉಸಿರಾಟದ ಉಪಕರಣ ಸಾಮಾನ್ಯ ಫೈರ್‌ಮ್ಯಾನ್‌ಗಳಿಗೆ ಇಲ್ಲದ ಕಾಲ ಅದು. ಹೋಸ್ ಪೈಪಿನ ಮೂತಿ ಹಿಡಿದವನು ನೆಲಕ್ಕೆ ಮುಖವಿಟ್ಟು ತೆವಳುತ್ತಾ ಹೋಗುತ್ತಿದ್ದ. ಅವನ ಹಿಂದಿನವನು ಪೈಪಿನ ಭಾರ ಹೊರುತ್ತಿದ್ದ. ಮುಂದಿನವನು ಬಿದ್ದರೆ ಎಳೆದು ತರಬೇಕಾದವನೂ ಹಿಂದಿನವನೇ.

ಅಂಥ ಕೆಲಸದಲ್ಲಿ ಪಕ್ಕದವನ ಮೇಲೆ ನಂಬಿಕೆ ಇಲ್ಲದಿದ್ದರೆ ಪ್ರಾಣಕ್ಕೇ ಕುತ್ತು. ವಿಲಿಯಮ್ಸ್ ಬಂದ ದಿನವೇ ಠಾಣೆಯ ಕ್ಯಾಪ್ಟನ್ ನಿವೃತ್ತಿ ಪಡೆದು ಹೊರಟುಹೋದರು. ಕಪ್ಪು ಮನುಷ್ಯನನ್ನು ಕಂಪನಿಗೆ ಸೇರಿಸಿಕೊಂಡ ಕ್ಯಾಪ್ಟನ್ ಎಂಬ ಹೆಸರು ಅವರಿಗೆ ಬೇಕಿರಲಿಲ್ಲ. ಉಳಿದವರೆಲ್ಲ ವರ್ಗಾವಣೆಗೆ ಅರ್ಜಿ ಹಾಕಿದರು. ಇಲಾಖೆ ಒಂದು ವರ್ಷ ಯಾರಿಗೂ ವರ್ಗವಿಲ್ಲ ಎಂದು ತಡೆಯಿತು. ಇದು ವಿಲಿಯಮ್ಸ್ ಮೇಲಿನ ಮಮತೆಯಿಂದ ಆದದ್ದಲ್ಲ. ಒಬ್ಬ ಬಂದನೆಂದು ಇಡೀ ಕಂಪನಿಯನ್ನು ಚದುರಿಸುವುದು ಯಾವ ಇಲಾಖೆಗೂ ಆಗದ ಮಾತು. ಆದರೆ ಅದರಿಂದ ಒಂದು ಉಪಕಾರವಾಯಿತು. ಅವರನ್ನು ದ್ವೇಷಿಸುವವರು ಒಂದು ವರ್ಷ ಅವರ ಜೊತೆಯಲ್ಲೇ ಬೆಂಕಿಗೆ ಹೋಗಬೇಕಾಯಿತು, ಅವರ ಕೆಲಸವನ್ನು ಕಣ್ಣಾರೆ ಕಾಣಬೇಕಾಯಿತು.

ಆಗಿನ ಫೈರ್‌ಮ್ಯಾನ್ ಹಗಲೂ ರಾತ್ರಿ ಠಾಣೆಯಲ್ಲೇ ಕಳೆಯುತ್ತಿದ್ದ. ಮನೆಗೆ ಹೋಗಲು ಸಿಗುತ್ತಿದ್ದ ಬಿಡುವು ತೀರ ಕಡಿಮೆ. ಮಲಗುವುದು, ಉಣ್ಣುವುದು, ಹರಟುವುದು ಎಲ್ಲವೂ ಒಂದೇ ಸೂರಿನಡಿ. ಹೀಗಾಗಿ ವರ್ಣಭೇದ ತನ್ನ ಪೂರ್ತಿ ರೂಪ ತೋರಿದ್ದು ಬೆಂಕಿಯ ಮುಂದೆ ಅಲ್ಲ, ಠಾಣೆಯ ಮಹಡಿಯ ಮೇಲೆ. ವಿಲಿಯಮ್ಸ್‌ಗೆ ಕಕ್ಕಸಿನ ಪಕ್ಕದ ಮಂಚ ಕೊಟ್ಟರು. ಊಟಕ್ಕೆ ಅವರೊಡನೆ ಯಾರೂ ಕೂರಲಿಲ್ಲ. ಪಂಕ್ತಿಭೇದವನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಟ್ಟಿಗೆ ಸಾಯಲು ಸಿದ್ಧರಿದ್ದವರು ಒಟ್ಟಿಗೆ ಉಣ್ಣಲು ಸಿದ್ಧರಿರಲಿಲ್ಲ.

ಕೆಣಕಿದವರಿಗೆ ಉತ್ತರ ಕೊಡಲು ಠಾಣೆಗಳಲ್ಲಿ ಒಂದು ಹಳೆಯ ಏರ್ಪಾಡಿತ್ತು. ಜಗಳವಿದ್ದ ಇಬ್ಬರು ನೆಲಮಾಳಿಗೆಗೆ ಇಳಿಯುವುದು, ಅಲ್ಲಿ ಕೈಕೈ ಮಿಲಾಯಿಸಿ ತೀರ್ಮಾನ ಮಾಡಿಕೊಳ್ಳುವುದು. ವಿಲಿಯಮ್ಸ್‌ರನ್ನೂ ಹಾಗೆ ಕೆಳಗೆ ಕರೆದರು. ಅವರು ಇಳಿದು ಹೋದರು, ಸ್ವಲ್ಪ ಹೊತ್ತಿಗೆ ತಾವೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಈ ಪ್ರಸಂಗವನ್ನು ಕಪ್ಪು ಅಗ್ನಿಶಾಮಕರು ತಲೆಮಾರುಗಳಿಂದ ಖುಷಿಯಿಂದ ಹೇಳಿಕೊಂಡು ಬಂದಿದ್ದಾರೆ. ಆದರೆ ಅವರ ಬದುಕಿನ ತೂಕ ಈ ಮುಷ್ಟಿಯಲ್ಲಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಬಡಿದಾಟದಲ್ಲಿ ಗೆದ್ದವರು ಬೇರೆಯವರೂ ಇದ್ದಿರಬಹುದು. ವಿಲಿಯಮ್ಸ್ ಪುಸ್ತಕ ಹಿಡಿದು ಕೂತರು, ಬಡ್ತಿಯ ಪರೀಕ್ಷೆಗೆ ಓದಿದರು.

ಬಡ್ತಿಗಳು

ಲೆಫ್ಟಿನೆಂಟ್ ಆಗುವುದೆಂದರೆ ಸಂಬಳದ ಏರಿಕೆಯಷ್ಟೇ ಅಲ್ಲ. ಬೆಂಕಿಯ ಸ್ಥಳದಲ್ಲಿ ಒಳಗೆ ಹೋಗಿ ಎನ್ನುವವನೂ ಅವನೇ, ಹೊರಗೆ ಬನ್ನಿ ಎನ್ನುವವನೂ ಅವನೇ. 1927ರ ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯರಿಗೆ ಇಂಥ ಆಜ್ಞೆ ಕೊಡುವ ಹುದ್ದೆಗಳು ತೀರ ವಿರಳವಾಗಿದ್ದವು. ಸೈನ್ಯದಲ್ಲಿ ಕಪ್ಪು ಅಧಿಕಾರಿಗಳು ಕಪ್ಪು ಸೈನಿಕರನ್ನು ಮಾತ್ರ ನಡೆಸುತ್ತಿದ್ದರು. ಇಲ್ಲಿ ವಿಲಿಯಮ್ಸ್ ಕೈಕೆಳಗೆ ಇದ್ದವರು ಬಿಳಿಯರೇ. ಬಡ್ತಿ ಲಿಖಿತ ಪರೀಕ್ಷೆಯ ಅಂಕ ಮತ್ತು ಸೇವಾವಧಿಯ ಲೆಕ್ಕದಿಂದ ಬರುತ್ತಿದ್ದುದರಿಂದ ಅದನ್ನು ತಡೆಯುವುದು ಸುಲಭವಿರಲಿಲ್ಲ. ಪಟ್ಟಿಯ ಸಂಖ್ಯೆ ಬಣ್ಣ ನೋಡುವುದಿಲ್ಲ ಎಂಬ ನಂಬಿಕೆ ವಿಲಿಯಮ್ಸ್ ತಲೆಮಾರಿನ ಕಪ್ಪು ಸರ್ಕಾರಿ ನೌಕರರಲ್ಲಿ ಗಾಢವಾಗಿತ್ತು.

1934ರಲ್ಲಿ, ಫಿಯೊರೆಲ್ಲೊ ಲಾ ಗಾರ್ಡಿಯಾ ಮೇಯರ್ ಆದ ವರ್ಷವೇ, ವಿಲಿಯಮ್ಸ್ ಕ್ಯಾಪ್ಟನ್ ಆದರು. ನಾಲ್ಕು ವರ್ಷಗಳ ನಂತರ ಬೆಟಾಲಿಯನ್ ಚೀಫ್. ಹಲವು ಕಂಪನಿಗಳು ಒಂದು ಬೆಟಾಲಿಯನ್ನಿನ ವ್ಯಾಪ್ತಿಗೆ ಬರುತ್ತವೆ. ಅದರ ಚೀಫ್ ಸ್ಥಳಕ್ಕೆ ಬಂದೊಡನೆ ಬೆಂಕಿಯ ಪೂರ್ಣ ಹೊಣೆ ಅವನದು. ಬಿಳಿ ಸಮವಸ್ತ್ರದ ಟೋಪಿ ಧರಿಸಿದ ಕಪ್ಪು ಚೀಫ್‌ನನ್ನು ನಗರ ಅಲ್ಲಿಯವರೆಗೆ ಕಂಡಿರಲಿಲ್ಲ.

ವಲ್ಕನ್ ಸೊಸೈಟಿ

1930ರ ದಶಕದ ಕೊನೆಯ ಹೊತ್ತಿಗೆ ನಗರದ ಇಲಾಖೆಯಲ್ಲಿ ಕೆಲವು ಡಜನ್ ಕಪ್ಪು ಫೈರ್‌ಮ್ಯಾನ್‌ಗಳು ಸೇರಿದ್ದರು. ಆರ್ಥಿಕ ಕುಸಿತದ ವರ್ಷಗಳಲ್ಲಿ ಸರ್ಕಾರಿ ಸಂಬಳದ ಬೆಲೆ ಏರಿತ್ತು. ಓದಿದ ಕಪ್ಪು ಯುವಕರು ಪರೀಕ್ಷೆ ಬರೆಯತೊಡಗಿದ್ದರು. ಹೊಸಬರನ್ನು ಒಂದೊಂದು ಕಂಪನಿಗೆ ಒಬ್ಬೊಬ್ಬರಂತೆ ಹಂಚಲಾಗುತ್ತಿತ್ತು. ಪ್ರತಿಯೊಬ್ಬನೂ ತನ್ನ ಠಾಣೆಯಲ್ಲಿ ಒಂಟಿ. ವಿಲಿಯಮ್ಸ್ ಇಪ್ಪತ್ತು ವರ್ಷ ಹಿಂದೆ ಕಂಡ ಕಕ್ಕಸಿನ ಪಕ್ಕದ ಮಂಚ ಆ ಹೊತ್ತಿಗೆ ಅಲಿಖಿತ ನಿಯಮವೇ ಆಗಿಹೋಗಿತ್ತು. ಕಪ್ಪು ಫೈರ್‌ಮ್ಯಾನ್ ಇರುವ ಠಾಣೆಗಳಲ್ಲಿ ಅವನದೆಂದೇ ಗುರುತಿಸಿದ ಒಂದು ಮಂಚ. ಅದು ಖಾಲಿ ಇದ್ದರೂ ಬೇರೆಯವರು ಮಲಗುವುದಿಲ್ಲ. ಬೇರೆ ಮಂಚ ಖಾಲಿ ಇದ್ದರೂ ಅವನು ಮಲಗುವಂತಿಲ್ಲ.

1940ರಲ್ಲಿ ವಿಲಿಯಮ್ಸ್ ಈ ಒಂಟಿಗರನ್ನು ಕೂಡಿಸಿದರು. ಸಂಘಕ್ಕೆ ರೋಮನ್ನರ ಅಗ್ನಿದೇವತೆ ವಲ್ಕನ್ ಹೆಸರಿಟ್ಟರು. ಇಲಾಖೆಯಲ್ಲಿ ಕ್ಯಾಥೊಲಿಕರಿಗೆ, ಯಹೂದಿಗಳಿಗೆ ತಮ್ಮತಮ್ಮ ಸಂಘಗಳಿದ್ದುದರಿಂದ ಇದರ ಅಸ್ತಿತ್ವವನ್ನೇ ಆಕ್ಷೇಪಿಸುವುದು ಮೇಲಿನವರಿಗೆ ಕಷ್ಟವಾಯಿತು. ಬೆಟಾಲಿಯನ್ ಚೀಫ್ ಒಬ್ಬರು ಮುಂದೆ ನಿಂತಿದ್ದರಿಂದ ಕಿರಿಯರ ಮೇಲೆ ಸೇಡು ತೀರಿಸಿಕೊಳ್ಳಲೂ ಅಧಿಕಾರಿಗಳು ಹಿಂದೆಮುಂದೆ ನೋಡಬೇಕಾಯಿತು. 1940ರ ದಶಕದಲ್ಲಿ ಸಂಘ ಮಂಚದ ವಿಷಯವನ್ನೇ ನಗರಸಭೆಯ ಮುಂದೆ ಒಯ್ದಿತು. ಯೂರೋಪಿನಲ್ಲಿ ಜನಾಂಗದ್ವೇಷದ ವಿರುದ್ಧ ಯುದ್ಧ ನಡೆದಿದ್ದಾಗ ನ್ಯೂಯಾರ್ಕಿನ ಠಾಣೆಗಳಲ್ಲಿ ಮಲಗುವ ಜಾಗದಲ್ಲೇ ಭೇದವಿದೆ ಎಂಬ ಸುದ್ದಿ ಮೇಯರ್ ಕಚೇರಿಗೆ ಮುಜುಗರ ತಂದಿತು.

ಸಂಘದ ಇನ್ನೊಂದು ಕೆಲಸ ಸದ್ದಿಲ್ಲದ್ದು: ಹಾರ್ಲೆಮ್ಮಿನ, ಬ್ರೂಕ್ಲಿನ್ನಿನ ಹುಡುಗರಿಗೆ ಪರೀಕ್ಷೆಗೆ ಪಾಠ ಹೇಳುವುದು. ಐರಿಷ್ ಮನೆಗಳಲ್ಲಿ ಊಟದ ಮೇಜಿನ ಬಳಿ ಸಿಗುತ್ತಿದ್ದ ತಿಳಿವಳಿಕೆಯನ್ನು ಸಂಘದ ಹಿರಿಯರು ಸಂಜೆಯ ತರಗತಿಗಳಲ್ಲಿ ಕೊಟ್ಟರು.

ಬೇರೆ ನಗರಗಳಲ್ಲಿ

ಕಪ್ಪು ಅಗ್ನಿಶಾಮಕರ ಚರಿತ್ರೆ ನ್ಯೂಯಾರ್ಕಿನಲ್ಲಿ ಶುರುವಾಗಿದ್ದಲ್ಲ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಪ್ಯಾಟ್ರಿಕ್ ರೇಮಂಡ್ 1871ರಲ್ಲೇ ಇಲಾಖೆಯ ಮುಖ್ಯಸ್ಥರಾಗಿ 1878ರವರೆಗೆ ಇದ್ದರು. ಶಿಕಾಗೊ 1872ರಲ್ಲಿ, ಮಹಾ ಅಗ್ನಿಕಾಂಡದ ಮರುವರ್ಷ, ಕಪ್ಪು ಫೈರ್‌ಮ್ಯಾನ್‌ಗಳ 21ನೇ ಎಂಜಿನ್ ಕಂಪನಿಯನ್ನು ಕಟ್ಟಿತು. ಇದರ ಕ್ಯಾಪ್ಟನ್ ಡೇವಿಡ್ ಕೆನ್ಯನ್ ಮಾತ್ರ ಬಿಳಿಯ. ಅಗ್ನಿಶಾಮಕ ಠಾಣೆ ಎಂದೊಡನೆ ಮಕ್ಕಳಿಗೂ ನೆನಪಾಗುವ ಜಾರುಗಂಬ ಹುಟ್ಟಿದ್ದು ಇದೇ ಕಂಪನಿಯಲ್ಲಿ. ಕರೆ ಬಂದಾಗ ಜಾರ್ಜ್ ರೀಡ್ ಎಂಬ ಫೈರ್‌ಮ್ಯಾನ್ ಹುಲ್ಲು ಸಾಗಿಸುವ ಗಳುವನ್ನು ಹಿಡಿದು ಮಹಡಿಯಿಂದ ಜಾರಿ ಇಳಿದ. ಅದನ್ನು ಕಂಡ ಕೆನ್ಯನ್ 1878ರಲ್ಲಿ ಪೈನ್ ಮರದ ಕಂಬವನ್ನು ನಯವಾಗಿ ಉಜ್ಜಿ, ಮೇಣ ಹಚ್ಚಿ ನಿಲ್ಲಿಸಿದರು. ಮೊದಮೊದಲು ಬೇರೆ ಕಂಪನಿಗಳವರು ನಕ್ಕರಂತೆ. 21ನೇ ಕಂಪನಿ ಎಲ್ಲರಿಗಿಂತ ಮೊದಲು ಬೆಂಕಿಯ ಬಳಿ ತಲುಪತೊಡಗಿದಾಗ ನಗು ನಿಂತಿತು. ಎರಡು ವರ್ಷದಲ್ಲಿ ಬಾಸ್ಟನ್ ಹಿತ್ತಾಳೆಯ ಕಂಬ ಹಾಕಿಸಿತು.

ಲಾಸ್ ಏಂಜಲೀಸ್‌ನಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ್ದ ಸ್ಯಾಮ್ ಹ್ಯಾಸ್ಕಿನ್ಸ್ 1895ರಲ್ಲಿ ಬೆಂಕಿಗೆ ಧಾವಿಸುತ್ತಿದ್ದ ಉಗಿ ಎಂಜಿನ್ನಿನ ಮೇಲಿಂದ ಬಿದ್ದು, ಅದರ ಚಕ್ರಕ್ಕೆ ಸಿಕ್ಕಿ ಸತ್ತರು. ಅವರ ಹೆಸರನ್ನು ಇಲಾಖೆ ಒಂದು ಶತಮಾನ ಮರೆತಿತ್ತು. 1897ರಲ್ಲಿ ಸೇರಿದ ಜಾರ್ಜ್ ಬ್ರೈಟ್ 1902ರಲ್ಲಿ ಲೆಫ್ಟಿನೆಂಟ್ ಆದರು. ಈ ನಗರ ಆಯ್ದುಕೊಂಡ ದಾರಿ ನ್ಯೂಯಾರ್ಕಿನದಕ್ಕಿಂತ ಬೇರೆ: ಕಪ್ಪು ಫೈರ್‌ಮ್ಯಾನ್‌ಗಳನ್ನೆಲ್ಲ 14 ಮತ್ತು 30ನೇ ಠಾಣೆಗಳಲ್ಲಿ ಒಟ್ಟು ಹಾಕುವುದು. ಅಲ್ಲಿ ಒಂಟಿತನವಿರಲಿಲ್ಲ, ಊಟಕ್ಕೆ ಜೊತೆಗೆ ಜನರಿದ್ದರು. ಆದರೆ ಎರಡೇ ಠಾಣೆಗಳಲ್ಲಿ ಯಾರಾದರೂ ನಿವೃತ್ತರಾದರೆ ಮಾತ್ರ ಬಡ್ತಿ. ವಿಲಿಯಮ್ಸ್ ಲಾಸ್ ಏಂಜಲೀಸ್‌ನಲ್ಲಿ ಇದ್ದಿದ್ದರೆ ಬೆಟಾಲಿಯನ್ ಚೀಫ್ ಆಗುತ್ತಿದ್ದರೆ ಎಂಬುದು ಅನುಮಾನ. ಈ ಪದ್ಧತಿ 1956ರವರೆಗೆ ನಡೆಯಿತು. 30ನೇ ಠಾಣೆಯ ಕಟ್ಟಡ 1997ರಿಂದ ಕಪ್ಪು ಅಗ್ನಿಶಾಮಕರ ವಸ್ತುಸಂಗ್ರಹಾಲಯವಾಗಿದೆ.

ದಕ್ಷಿಣದ ಅನೇಕ ನಗರಗಳು 1960ರ ದಶಕದವರೆಗೂ ಬಾಗಿಲು ತೆರೆಯಲಿಲ್ಲ. ಅಟ್ಲಾಂಟಾ 1963ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ 16 ಮಂದಿ ಕಪ್ಪು ಫೈರ್‌ಮ್ಯಾನ್‌ಗಳನ್ನು ತೆಗೆದುಕೊಂಡಿತು. ಮರುತಿಂಗಳು ಅಲ್ಲಿಗೆ ಹೆಚ್ಚು ದೂರವಲ್ಲದ ಬರ್ಮಿಂಗ್‌ಹ್ಯಾಂನಲ್ಲಿ, ಬುಲ್ ಕಾನರ್ ಎಂಬ ನಗರಾಧಿಕಾರಿಯ ಆಜ್ಞೆಯಂತೆ, ಅಗ್ನಿಶಾಮಕ ದಳದ ಹೋಸ್ ಪೈಪುಗಳನ್ನು ಮೆರವಣಿಗೆ ಹೊರಟ ಕಪ್ಪು ಮಕ್ಕಳ ಮೇಲೆ ತಿರುಗಿಸಲಾಯಿತು.

ನಂತರದ ಕಾಲ

ವಿಲಿಯಮ್ಸ್ ನಿವೃತ್ತಿಯ ನಂತರ ಮೂರು ದಶಕ ಬದುಕಿದ್ದರು. 1966ರಲ್ಲಿ ಮೇಯರ್ ಜಾನ್ ಲಿಂಡ್ಸೆ, ವಲ್ಕನ್ ಸೊಸೈಟಿಯ ಅಧ್ಯಕ್ಷರಾಗಿದ್ದ ರಾಬರ್ಟ್ ಲೋರಿ ಅವರನ್ನು ನಗರದ ಅಗ್ನಿಶಾಮಕ ಕಮಿಷನರ್ ಆಗಿ ನೇಮಿಸಿದರು. ಅಮೆರಿಕದ ದೊಡ್ಡ ನಗರವೊಂದರಲ್ಲಿ ಈ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ ಲೋರಿ. 1970ರಲ್ಲಿ ದೇಶದ ಕಪ್ಪು ಅಗ್ನಿಶಾಮಕರ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ರಚಿಸಿಕೊಂಡಾಗಲೂ ವಲ್ಕನ್ ಸೊಸೈಟಿಯವರೇ ಮುಂದಾಳುಗಳು.

ಮೇಲಿನ ಹುದ್ದೆಗಳು ಹೀಗೆ ಬದಲಾಗುತ್ತಿದ್ದರೂ ಕೆಳಗಿನ ಠಾಣೆಗಳಲ್ಲಿ ಕಪ್ಪು ಮುಖಗಳು ಹೆಚ್ಚಲಿಲ್ಲ. ವಿಲಿಯಮ್ಸ್‌ಗೆ ಏಣಿಯಾಗಿದ್ದ ಲಿಖಿತ ಪರೀಕ್ಷೆಯೇ ಈಗ ಗೋಡೆಯಾಗಿತ್ತು. ಬೆಂಕಿ ಆರಿಸುವ ಸಾಮರ್ಥ್ಯಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆಗಳಲ್ಲಿ ಅರ್ಧ ಅಂಕದ ವ್ಯತ್ಯಾಸವಾದರೂ ಅಭ್ಯರ್ಥಿ ಪಟ್ಟಿಯಲ್ಲಿ ನೂರಾರು ಸ್ಥಾನ ಕೆಳಗಿಳಿಯುತ್ತಿದ್ದ. 1973ರಲ್ಲಿ ವಲ್ಕನ್ ಸೊಸೈಟಿ ಹೂಡಿದ ದಾವೆಯಲ್ಲಿ ಫೆಡರಲ್ ನ್ಯಾಯಾಧೀಶ ಎಡ್ವರ್ಡ್ ವೈನ್‌ಫೆಲ್ಡ್ ಪರೀಕ್ಷೆ ಕೆಲಸಕ್ಕೆ ತಕ್ಕುದಲ್ಲ ಎಂದು ತೀರ್ಮಾನಿಸಿ, ಸ್ವಲ್ಪ ಕಾಲ ಮೂವರು ಬಿಳಿಯರಿಗೆ ಒಬ್ಬ ಅಲ್ಪಸಂಖ್ಯಾತನಂತೆ ನೇಮಿಸಲು ಆದೇಶಿಸಿದರು. ಆ ಆದೇಶದ ಅವಧಿ ಮುಗಿದ ಮೇಲೆ ಮತ್ತೆ ಹಳೆಯದೇ ಹಾಡು.

2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದ ಗೋಪುರಗಳು ಉರುಳಿದಾಗ ಇಲಾಖೆಯ 343 ಮಂದಿ ಸತ್ತರು. ಅವರಲ್ಲಿ 12 ಮಂದಿ ಕಪ್ಪು ವರ್ಣೀಯರು. ಆ ವರ್ಷಗಳಲ್ಲಿ ನಗರದ ಜನಸಂಖ್ಯೆಯಲ್ಲಿ ಕಪ್ಪು ಜನರು ಸುಮಾರು ಕಾಲು ಭಾಗವಿದ್ದರೆ, ಫೈರ್‌ಮ್ಯಾನ್‌ಗಳಲ್ಲಿ ಅವರ ಪಾಲು ಶೇಕಡ 3ರ ಆಸುಪಾಸು ಇತ್ತು. ವಲ್ಕನ್ ಸೊಸೈಟಿಯ ದೂರಿನ ಮೇಲೆ 2007ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ನಗರದ ವಿರುದ್ಧ ಮೊಕದ್ದಮೆ ಹೂಡಿತು. 1999 ಮತ್ತು 2002ರ ಪರೀಕ್ಷೆಗಳು ಕಪ್ಪು ಮತ್ತು ಹಿಸ್ಪಾನಿಕ್ ಅಭ್ಯರ್ಥಿಗಳಿಗೆ ಅನ್ಯಾಯ ಮಾಡಿದವೆಂದು 2009ರಲ್ಲಿ ನ್ಯಾಯಾಧೀಶ ನಿಕೊಲಸ್ ಗರೌಫಿಸ್ ತೀರ್ಪಿತ್ತರು. ಮರುವರ್ಷ ಅವರು ಈ ಭೇದ ಉದ್ದೇಶಪೂರ್ವಕ ಎಂದೂ ಹೇಳಿದ್ದನ್ನು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪದೆ ಮರುವಿಚಾರಣೆಗೆ ಕಳಿಸಿತು. 2014ರಲ್ಲಿ ನಗರ ರಾಜಿಗೆ ಬಂದು, ಕೆಲಸ ಸಿಗದವರಿಗೆ ಬಾಕಿ ಸಂಬಳವಾಗಿ ಸುಮಾರು 9.8 ಕೋಟಿ ಡಾಲರ್ ಕೊಡಲು ಒಪ್ಪಿತು.

ನ್ಯೂಯಾರ್ಕಿನ ಅಗ್ನಿಶಾಮಕ ಇಲಾಖೆಯ ವರ್ಣಭೇದದ ಶತಮಾನವನ್ನು ಕುರಿತ ಜಿಂಜರ್ ಆಡಮ್ಸ್ ಓಟಿಸ್ ಅವರ ಗ್ರಂಥ 2015ರಲ್ಲಿ ಬಂತು. ವಿಲಿಯಮ್ಸ್ ಅದರ ಮುಖ್ಯ ಪಾತ್ರಗಳಲ್ಲಿ ಒಬ್ಬರು. ತಂದೆ ಜೇಮ್ಸ್ ಮತ್ತು ರೆಡ್ ಕ್ಯಾಪ್‌ಗಳ ಚರಿತ್ರೆಯನ್ನು ಎರಿಕ್ ಕೆ. ವಾಷಿಂಗ್ಟನ್ 2019ರಲ್ಲಿ ಬರೆದರು. ವಿಲಿಯಮ್ಸ್ ಬಿಟ್ಟುಹೋದ ಕಾಗದಪತ್ರಗಳು ಹಾರ್ಲೆಮ್ಮಿನ ಷೋಂಬರ್ಗ್ ಸಂಶೋಧನಾ ಕೇಂದ್ರದಲ್ಲಿವೆ. ವಲ್ಕನ್ ಸೊಸೈಟಿಯ ಕಚೇರಿ ಬ್ರೂಕ್ಲಿನ್‌ನ ಈಸ್ಟರ್ನ್ ಪಾರ್ಕ್‌ವೇಯಲ್ಲಿದೆ. ಹೊಸ ಪರೀಕ್ಷೆ ಪ್ರಕಟವಾದಾಗಲೆಲ್ಲ ಸಂಘದವರು ಅಭ್ಯರ್ಥಿಗಳಿಗೆ ಅರ್ಜಿ ತುಂಬಿಸಿ, ಪಾಠ ಹೇಳಿ, ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಸುತ್ತಾರೆ.